ದೇವರ ಕುದುರೆಗೆ ಕೂತ ಜೀನು

ನಾನು ಕೈಯಾರೆ ಹೊಲಿದ ಮೊದಲ ಜೀನು ಒಂದು ಮರದ ಕುದುರೆಯ ಬೆನ್ನ ಮೇಲಿದೆ. ಆ ಕುದುರೆ ಇದುವರೆಗೆ ಒಂದು ಹೆಜ್ಜೆ ನಡೆದಿಲ್ಲ, ಒಂದು ಹಿಡಿ ಹುರುಳಿ ತಿಂದಿಲ್ಲ, ಬೆನ್ನು ಉಜ್ಜಿಹೋಯಿತೆಂದು ಕಾಲು ಝಾಡಿಸಿಲ್ಲ. ಕಸುಬಿನವನಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಸಿಗುವುದುಂಟೆ? ಆದರೆ ನಾನು ಅದನ್ನು ಹೊಲಿದದ್ದು ಜೀವವಿರುವ ಕುದುರೆಗೆ. ಅದು ದೇವರ ಪಾಲಾದದ್ದು ಹೇಗೆಂದು ಕೇಳಿದವರಿಗೆಲ್ಲ ಗುಬ್ಬಿಯ ಸಾಹುಕಾರರು ಒಂದು ಕಥೆ ಹೇಳುತ್ತಿದ್ದರು. ನನ್ನದು ಬೇರೆ ಕಥೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಗೂಳೂರಿನ ಅಂಚಿನ ಕೇರಿಯಲ್ಲಿ ನಮ್ಮ ಮನೆ. ನಮ್ಮದು ತೊಗಲಿನ ಕೆಲಸದ ಮನೆತನ. ಅಪ್ಪ ಬಾವಿಯಿಂದ ನೀರೆತ್ತುವ ಕಪಿಲೆಗೆ ತೊಗಲಿನ ಬಾನಿ ಹೊಲಿಯುತ್ತಿದ್ದ, ಎತ್ತಿಗೆ ಮಿಣಿ ಹೊಸೆಯುತ್ತಿದ್ದ, ಊರಿಗೆಲ್ಲ ಚಪ್ಪಲಿ ಮಾಡಿಕೊಡುತ್ತಿದ್ದ. ಆಮೇಲೆ ತೋಟ ತೋಟಕ್ಕೂ ಕರೆಂಟು ಪಂಪು ಬಂತು, ಬಾನಿ ಕೇಳುವವರು ಇಲ್ಲವಾದರು. ಅಪ್ಪ ಅದಕ್ಕೇನೂ ಗೋಳಾಡಲಿಲ್ಲ. “ನೀರು ಎತ್ತೋದು ಬುಟ್ಟು ಕರೆಂಟ್‌ಗೆ ಕಾಯ್ತಾ ಕೂತವ್ರೆ, ಕೂರ್ಲಿ ಬುಡು” ಎಂದು ನಕ್ಕುಬಿಡುತ್ತಿದ್ದ.

ನಮ್ಮ ಮನೆಯ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು. ಮಾಡಿದ ಕೆಲಸಕ್ಕೆ ನಾವು ಗುರುತು ಹಾಕುತ್ತಿದ್ದೆವು. ಉಳಿಯಿಂದ ಕೊರೆದ ಮೂರು ಸಣ್ಣ ತೂತು, ಒಲೆಯ ಗುಂಡುಗಳ ಹಾಗೆ ಮೂರು ಮೂಲೆಗೆ. ಬಾನಿಯಾದರೆ ಬಾಯಿಯ ಅಂಚಿಗೆ, ಮಿಣಿಯಾದರೆ ತುದಿಗೆ, ಚಪ್ಪಲಿಯಾದರೆ ಹಿಮ್ಮಡಿಯ ಒಳಗೆ. ಓದು ಬರಹವಿಲ್ಲದ ಮನೆಯ ರುಜು ಅದು. ಆದರೆ ಹೊಲಿಗೆ ಮುಗಿದ ಕೂಡಲೇ ಗುರುತು ಹಾಕುವ ಹಾಗಿರಲಿಲ್ಲ. ಮಿಣಿ ಎತ್ತಿನ ಕೊರಳಲ್ಲಿ, ಬಾನಿ ಬಾವಿಯಲ್ಲಿ, ಚಪ್ಪಲಿ ಕಾಲಲ್ಲಿ ಸರಿಯಾಗಿ ಕೂತದ್ದನ್ನು ಹೊಲಿದವನು ಕಣ್ಣಾರೆ ನೋಡಬೇಕು, ಕೈಯಾಡಿಸಿ ನೋಡಬೇಕು. ಆಮೇಲೆ ಗುರುತು. ಆ ಉಳಿ ತಾತನದು, ಅಪ್ಪನ ಸೊಂಟದಲ್ಲಿ ಇರುತ್ತಿತ್ತು. ಮಗನು ಒಬ್ಬನೇ ಮಾಡಿದ ಮೊದಲ ದೊಡ್ಡ ಕೆಲಸಕ್ಕೆ ಗುರುತು ಬಿದ್ದ ದಿನ ಉಳಿ ಅವನ ಕೈಗೆ ಬರಬೇಕು. ಅಲ್ಲಿಯವರೆಗೆ ಅವನು ಎಷ್ಟೇ ಹೊಲಿದರೂ ಅಪ್ಪನ ಕೈಯಾಳು.

ನನಗೆ ಆಗ ಇಪ್ಪತ್ತನಾಲ್ಕು ವರ್ಷ. ಉಳಿ ಸಿಕ್ಕಿರಲಿಲ್ಲ. ಧಿಮಾಕಿಗೆ ಮಾತ್ರ ಕೊರತೆ ಇರಲಿಲ್ಲ. ಯಾಕೆಂದರೆ ನಾನು ತುಮಕೂರಿನಲ್ಲಿ ಆರು ತಿಂಗಳು ಚರ್ಮದ ಕೆಲಸದ ತರಬೇತಿ ಪಡೆದು ಸರ್ಟಿಫಿಕೇಟು ತಂದಿದ್ದೆ. ಅಪ್ಪನ ಬಳಿ ಹನ್ನೆರಡು ವರ್ಷ ಕಲಿತದ್ದನ್ನು ಅಲ್ಲಿ ಆರು ತಿಂಗಳಲ್ಲಿ ಮರೆಸಿ, ಪರ್ಸು ಮಾಡುವುದನ್ನು ಕಲಿಸಿದ್ದರು. ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದೆ. ಅವ್ವ ಪಾಪ ಶುಕ್ರವಾರ ಅದಕ್ಕೂ ಒಂದು ಬೊಟ್ಟು ಕುಂಕುಮ ಇಡುತ್ತಿದ್ದಳು. ನಾನು ತುಮಕೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಚಪ್ಪಲಿ ಅಂಗಡಿಯ ಹಿಂಭಾಗದಲ್ಲಿ ಕೂತು ಬ್ಯಾಗು ಹೊಲಿಯುತ್ತಿದ್ದೆ. ಅಂಗಡಿಗೆ ಬಂದವರ ಹತ್ತಿರ ಮಾತ್ರ ನಾನು ಮಾಡದ ಕೆಲಸವೇ ಇಲ್ಲ ಎಂಬಂತೆ ಮಾತಾಡುತ್ತಿದ್ದೆ.

ಒಂದು ದಿನ ಗುಬ್ಬಿಯ ಅಡಿಕೆ ಮಂಡಿಯ ಸಾಹುಕಾರರೊಬ್ಬರು ಚಪ್ಪಲಿ ಕೊಳ್ಳಲು ಬಂದರು. ಅವರ ಮಗನಿಗೆ ಮದುವೆ ಗೊತ್ತಾಗಿತ್ತು. ವರನನ್ನು ಕುದುರೆಯ ಮೇಲೆ ಮೆರವಣಿಗೆ ಮಾಡಿಸಬೇಕೆಂದು ಅವರ ಹಟ. ಮೆರವಣಿಗೆಗೆ ಬಾಡಿಗೆ ಕುದುರೆ ತುಮಕೂರಿನಲ್ಲೇ ಸಿಗುತ್ತಿತ್ತು, ಜರಿ ಅಂಟಿಸಿದ ಜೀನಿನ ಸಮೇತ. ಸಾಹುಕಾರರಿಗೆ ಅದು ಒಗ್ಗಲಿಲ್ಲ.

“ಯಾರ್ಯಾರೋ ಕೂತಿರೋ ಜೀನಿನ ಮೇಲೆ ನನ್ ಮಗ ಕೂರಬೇಕೇನ್ಲಾ? ಮಡಿ ಮೈಲಿಗೆ ಬ್ಯಾಡ್ವ? ಹೊಸದು ಮಾಡಕ್ಕೆ ಬರ್ತದಾ ನಿಂಗೆ?”

ಸತ್ತ ಎಮ್ಮೆಯ ಚರ್ಮ ಮೈಲಿಗೆಯಲ್ಲ, ಅದರ ಮೇಲೆ ಇನ್ನೊಬ್ಬ ವರ ಕೂತಿದ್ದರೆ ಮೈಲಿಗೆ. ನನಗೆ ಅದನ್ನು ಯೋಚಿಸುವ ವ್ಯವಧಾನ ಎಲ್ಲಿತ್ತು? ಜೀನನ್ನು ಹತ್ತಿರದಿಂದ ಕಂಡವನೂ ಅಲ್ಲದ ನಾನು, “ಅದೇನ್ ದೊಡ್ಡ ಕೆಲ್ಸ ಸಾವ್ಕಾರ್ರೆ, ಮಾಡ್ಕೊಡ್ತೀನಿ” ಎಂದುಬಿಟ್ಟೆ.

ಮನೆಗೆ ಬಂದು ಹೇಳಿದೆ. ಅಪ್ಪ ಬಾಯಲ್ಲಿದ್ದ ಬೀಡಿ ತೆಗೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ನಮ್ ತಾತ ಮುತ್ತಾತನ ಕಾಲದಿಂದ ಯಾರೂ ಜೀನು ಮಾಡಿಲ್ಲ ಕಣ್ಲಾ.”

“ನಾನು ಮಾಡ್ತೀನಿ. ಇದೇ ನನ್ ಮೊದಲನೇ ಕೆಲ್ಸ ಅಂತ ಇಟ್ಕೊ.”

“ಮಾಡು. ಕುದುರೆ ಮೇಲೆ ಕೂತಿದ್ದ ನೋಡ್ಕಂಡು ಬಂದು ಹೇಳು. ಉಳಿ ಕೊಡ್ತೀನಿ.”

ಹೀಗೆ ಆ ಜೀನಿನ ಮೇಲೆ ಸಾಹುಕಾರರ ಮಗನಿಗಿಂತ ಮೊದಲು ನಾನು ಹತ್ತಿ ಕೂತೆ.

ಮೊದಲು ಕುಣಿಗಲ್ಲಿಗೆ ಹೋದೆ. ಆ ಕಡೆ ಕುದುರೆ ಸಾಕಿದವರು ಒಬ್ಬಿಬ್ಬರು ಇದ್ದರು. ಅವರಲ್ಲೊಬ್ಬರ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ ಒಬ್ಬ ಮುದುಕ ಸಾಬರು, ಬಿಳೀ ಗಡ್ಡದವರು, ನನ್ನ ಮೇಲೆ ಕರುಣೆ ತೋರಿಸಿ ಒಂದು ಹಳೆಯ ಜೀನನ್ನು ಬಿಚ್ಚಿ ತೋರಿಸಿದರು. ಒಳಗೆ ಮರದ ಚೌಕಟ್ಟು, ಅದರ ಮೇಲೆ ಮೆತ್ತೆ, ಮೆತ್ತೆಯ ಮೇಲೆ ತೊಗಲು, ಎರಡೂ ಮಗ್ಗುಲಿಗೆ ಇಳಿಬಿಟ್ಟ ಎರಡು ಪದರದ ಹಾಳೆ, ಹೊಟ್ಟೆಯ ಸುತ್ತ ಬಿಗಿಯುವ ಪಟ್ಟಿ, ಕಾಲಿಡಲು ರಿಕಾಪು. ನಾನು ಪುಸ್ತಕದಲ್ಲಿ ಚಿತ್ರ ಬರೆದುಕೊಂಡೆ. ಸಾಬರು ನನ್ನ ಕೈ ಹಿಡಿದು ಒಂದು ಕುದುರೆಯ ಕುತ್ತಿಗೆ ಮುಗಿಯುವ ಕಡೆ, ಹೆಗಲ ಮೇಲಿನ ದಿಬ್ಬದ ಮೇಲೆ ಇಟ್ಟರು.

“ಇಲ್ಲಿ ಮೂರು ಬೆರಳು ಜಾಗ ಬಿಡ್ಬೇಕಪ್ಪ. ಎಲ್ಲಾ ಕುದುರೇದೂ ಒಂದೇ ಥರ ಇರಲ್ಲ. ಕುದುರೆ ನೋಡು, ಆಮ್ಯಾಕೆ ಚರ್ಮ ಕತ್ರುಸು.”

ನಾನು ಅದನ್ನೂ ಬರೆದುಕೊಂಡೆ, ಕೆಳಗೆ ಎರಡು ಗೆರೆಯನ್ನೂ ಎಳೆದೆ.

ಆದರೆ ಯಾವ ಕುದುರೆ? ಸಾಹುಕಾರರು ಇನ್ನೂ ಇಬ್ಬರು ಮೂವರ ಜೊತೆ ಮಾತಿನಲ್ಲೇ ಇದ್ದರು. ಮದುವೆಯ ಹಿಂದಿನ ದಿನ ಕುದುರೆ ಬರುತ್ತದೆ, ಅದು ಬಿಳಿಯದಾಗಿರುತ್ತದೆ, ಇಷ್ಟು ಮಾತ್ರ ಖಾತ್ರಿ. ಅಳತೆ ಇಲ್ಲದೆ ಆಗುವುದಿಲ್ಲ ಎಂದೆ. ಅವರು ಕೈ ಬೀಸಿದರು.

“ಕುದುರೆ ಅಂದ್ರೆ ಎಲ್ಲಾ ಒಂದೇ ಕಣಯ್ಯ. ನಮ್ ದೇವಸ್ಥಾನದಲ್ಲಿ ದೇವ್ರ ಕುದುರೆ ಐತಲ್ಲ, ಅದರ ಅಳತೆ ತಗೊ. ಶುಭಾನೂ ಆಗ್ತದೆ.”

ಸಾಹುಕಾರರ ಮನೆತನದವರು ಗುಬ್ಬಿಯ ಹೊರಗೆ ತಮ್ಮ ತೋಟದ ಪಕ್ಕ ಕಟ್ಟಿಸಿಕೊಂಡಿದ್ದ ದೇವಸ್ಥಾನ ಅದು. ಅಲ್ಲಿ ಉತ್ಸವಮೂರ್ತಿಯನ್ನು ಕೂರಿಸುವ ಆಳೆತ್ತರದ ಮರದ ಕುದುರೆ ಇತ್ತು. ಅದನ್ನು ನಾನು ಕಂಡಿರಲಿಲ್ಲ. ವರ್ಷಕ್ಕೊಮ್ಮೆ ಒಳಾಂಗಣದಲ್ಲೇ ಮೂರು ಸುತ್ತು ಬಂದು ಅದು ತನ್ನ ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು. ನಮ್ಮಂಥ ಕೇರಿಯವರಿಗೆ ಆ ಒಳಾಂಗಣ ಎಂದರೆ ಗೋಡೆಯ ಆಚೆಯ ಗಂಟೆ ಸದ್ದು, ಅಷ್ಟೇ.

ಇಲ್ಲಿ ನನ್ನ ತಪ್ಪನ್ನು ನಾನೇ ಒಪ್ಪಿಕೊಳ್ಳಬೇಕು. ಮರದ ಕುದುರೆಯ ಅಳತೆ ಬದುಕಿದ ಕುದುರೆಗೆ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಎರಡು ಗೆರೆ ಎಳೆದಿದ್ದೆನಲ್ಲ! ಆದರೂ ತಲೆಯಾಡಿಸಿದೆ. ಅಳತೆ ತೆಗೆಯಬೇಕಾದರೆ ಕುದುರೆಯನ್ನು ಮುಟ್ಟಬೇಕು, ಮುಟ್ಟಬೇಕಾದರೆ ಒಳಗೆ ಹೋಗಬೇಕು. ಕೆಲಸದ ನೆಪದಲ್ಲಾದರೂ ನನ್ನನ್ನು ಒಳಗೆ ಕರೆಯುತ್ತಾರೆ ಎಂಬ ಆಸೆ ನನ್ನ ಕಣ್ಣಿಗೆ ಮಣ್ಣೆರಚಿತು. ಆ ದಿನ ಬೆಳಿಗ್ಗೆ ಎರಡು ಸಲ ಸ್ನಾನ ಮಾಡಿದೆ. ಇಸ್ತ್ರಿ ಅಂಗಿ ಹಾಕಿದೆ. ಅಪ್ಪ ಬಾಗಿಲಲ್ಲಿ ಕೂತು ಇದನ್ನೆಲ್ಲ ನೋಡಿದ. ಅವನಿಗೆ ಅರ್ಥವಾಗಿತ್ತು. ಈಗ ನೆನೆದರೆ ಅದಕ್ಕೇ ಹೆಚ್ಚು ನಾಚಿಕೆಯಾಗುತ್ತದೆ.

ದೇವಸ್ಥಾನದ ಪೂಜೆ ಮಾಡುವ ಅಯ್ನೋರು ನನ್ನನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿದರು.

“ನೀನು ಇಲ್ಲೇ ಇರಪ್ಪ. ಏನೇನ್ ಅಳತೆ ಬೇಕು ಹೇಳು, ನಾನು ನೋಡ್ಕೊಂಡ್ ಬಂದು ಹೇಳ್ತೀನಿ.”

ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸಿಟ್ಟು ಮಾಡಿಕೊಳ್ಳಲು ಸುಲಭವಾಗುತ್ತಿತ್ತು. ಬಿಸಿಲಿದೆ, ಆ ಬೇವಿನ ನೆರಳಿಗೆ ನಿಂತುಕೋ ಎಂದರು. ಆಮೇಲೆ ಒಳಗೆ ಹೋಗಿ ಗೇಣಿನಲ್ಲಿ ಅಳೆಯುತ್ತಾ ಕೂಗಿದರು.

“ಬೆನ್ನು ಮೂರು ಗೇಣು!”

“ಹೆಗಲ ಹತ್ರ ಉಬ್ಬು ಎಷ್ಟಿದೆ ಅಯ್ನೋರೆ?”

“ಉಬ್ಬು ಗಿಬ್ಬು ಏನಿಲ್ಲಪ್ಪ. ಮಣೆ ಇದ್ದಂಗೈತೆ.”

ಹೊಟ್ಟೆಯ ಸುತ್ತಳತೆಗೆ ಒಂದು ಹುರಿ ಹಿಡಿದು ಗಂಟು ಹಾಕಿಕೊಂಡು ಬಂದರು. ಅದನ್ನು ನನ್ನ ಕೈಗೆ ಕೊಡಲಿಲ್ಲ, ಮೇಲಿನ ಮೆಟ್ಟಿಲಿನಿಂದ ಬಿಟ್ಟರು. ನಾನು ಎರಡೂ ಕೈ ಒಡ್ಡಿ ಹಿಡಿದೆ. ನೋಡಿದವರು ಪ್ರಸಾದ ತೆಗೆದುಕೊಳ್ಳುತ್ತಿದ್ದಾನೆ ಎಂದುಕೊಳ್ಳಬೇಕು, ಹಾಗೆ.

ಇಸ್ತ್ರಿ ಅಂಗಿಯಲ್ಲೇ ಮನೆಗೆ ಬಂದೆ. “ಎಷ್ಟು ಹತ್ರದಿಂದ ನೋಡ್ದೆ?” ಎಂದು ಅಪ್ಪ ಕೇಳಿದ. “ಅಳತೆ ಸಿಕ್ತು” ಎಂದೆ.

ಕೆಲಸ ನಡೆದದ್ದು ನಮ್ಮ ಮನೆಯ ಮುಂದಿನ ಹೊಂಗೆ ಮರದ ಕೆಳಗೆ, ಹೆಚ್ಚುಕಡಿಮೆ ಎರಡು ತಿಂಗಳು. ಅಂಗಡಿಯಿಂದ ರಜ ತೆಗೆದುಕೊಂಡೆ. ಊರಿನ ಬಡಗಿಯ ಕೈಯಲ್ಲಿ ಚೌಕಟ್ಟು ಮಾಡಿಸಿದೆ. ತಂಗಡಿ ತೊಗಟೆಯಲ್ಲಿ ಹದ ಮಾಡಿದ ಎಮ್ಮೆಯ ತೊಗಲನ್ನು ಅಪ್ಪನೇ ಆರಿಸಿಕೊಟ್ಟ, ಬೆನ್ನಿನ ಭಾಗದ್ದು, ಹುಣ್ಣು ಗಾಯ ಇಲ್ಲದ್ದು. ತರಬೇತಿಯಲ್ಲಿ ಕೊಟ್ಟಿದ್ದ ಕತ್ತರಿ ಆ ದಪ್ಪಕ್ಕೆ ಬಾಗಿಯೇ ಹೋಯಿತು. ಕೊನೆಗೆ ಅಪ್ಪನ ತೊಗಲು ಕೊಯ್ಯುವ ರಂಪಿಗೆಯಲ್ಲೇ ಕತ್ತರಿಸಬೇಕಾಯಿತು. ಮೇಣ ಹಚ್ಚಿದ ದಾರದ ಎರಡು ತುದಿಗೂ ದಬ್ಬಳ ಕಟ್ಟಿ, ಒಂದೇ ತೂತಿನಲ್ಲಿ ಆ ಕಡೆಯಿಂದ ಒಂದು ಈ ಕಡೆಯಿಂದ ಒಂದು ತೂರಿಸಿ ಎಳೆಯಬೇಕು. ಮೊದಲ ವಾರಕ್ಕೇ ಕಿರುಬೆರಳ ಬುಡದಲ್ಲಿ ದಾರ ಕೊರೆದು ಗಾಯವಾಯಿತು. ಅನ್ನ ಕಲಸಿದರೆ ಸಾರಿನ ಖಾರಕ್ಕೆ ಜೀವ ಹೋಗುತ್ತಿತ್ತು, ಅವ್ವ ಒಂದು ತಿಂಗಳು ನನಗೆ ಮುದ್ದೆಯನ್ನು ಸಪ್ಪೆ ಬೇಳೆಯಲ್ಲಿ ಅದ್ದಿ ಬಾಯಿಗಿಟ್ಟಳು. ಸರ್ಟಿಫಿಕೇಟು ಪಡೆದ ಕುಶಲಕರ್ಮಿ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅವ್ವನ ಕೈತುತ್ತು ತಿನ್ನುತ್ತಿದ್ದ.

ಅಪ್ಪ ಪಕ್ಕದಲ್ಲಿ ಕೂತಿರುತ್ತಿದ್ದ. ಹೀಗೆ ಮಾಡು, ಹಾಗೆ ಮಾಡು ಎಂದು ಒಂದು ಮಾತೂ ಆಡಲಿಲ್ಲ. ಹೊಲಿಗೆ ಓರೆಯಾದರೆ ಕೆಮ್ಮುತ್ತಿದ್ದ. ಆ ಕೆಮ್ಮಿಗೆ ನಾನು ಎಷ್ಟು ಸಲ ಹೊಲಿಗೆ ಬಿಚ್ಚಿದೆನೋ! ಒಂದೊಂದು ಸಲ ನಿಜವಾಗಿಯೇ ಬೀಡಿಯ ಕೆಮ್ಮು ಬಂದಿರುತ್ತಿತ್ತು, ನಾನು ಸರಿಯಾಗಿದ್ದ ಹೊಲಿಗೆಯನ್ನೂ ಬಿಚ್ಚಿಬಿಡುತ್ತಿದ್ದೆ. ಕೊನೆಗೆ ಹರಳೆಣ್ಣೆ ತಿಕ್ಕಿ ಮುಗಿಸಿದಾಗ ಜೀನು ಹುಣಸೆ ಬೀಜದ ಬಣ್ಣಕ್ಕೆ ಮಿರುಗಿತು. ಕೇರಿಯವರೆಲ್ಲ ಬಂದು ನೋಡಿದರು. ನನ್ನ ಸೋದರತ್ತೆ ದೃಷ್ಟಿ ತೆಗೆದಳು. ನಾನು ಅಪ್ಪನ ಸೊಂಟದ ಕಡೆ ನೋಡಿದೆ.

“ಕುದುರೆ ಮೇಲೆ ಕೂತದಾ ಇದು?” ಎಂದ ಅಪ್ಪ.

ಮದುವೆಯ ಹಿಂದಿನ ಸಂಜೆ ಕುಣಿಗಲ್ ಕಡೆಯಿಂದ ಕುದುರೆ ಬಂತು. ಬಿಳಿ ಕುದುರೆ, ವಯಸ್ಸಾದದ್ದು, ಹೆಗಲ ದಿಬ್ಬ ಮಡಿಸಿದ ಮೊಣಕಾಲಿನ ಹಾಗೆ ಎದ್ದು ನಿಂತಿತ್ತು. ಜೀನನ್ನು ಅದರ ಬೆನ್ನ ಮೇಲಿಟ್ಟರು. ಮಣೆಯಂಥ ಬೆನ್ನಿಗೆ ಹೊಲಿದದ್ದು ಆ ದಿಬ್ಬದ ಮೇಲೆ ಮುಕ್ಕಾಲಿ ಮಂಚದ ಹಾಗೆ ಅತ್ತ ಒಮ್ಮೆ ಇತ್ತ ಒಮ್ಮೆ ಆಡಿತು. ಮುಂದೆ ಹೋಗಿ, “ಅಡೀಲಿ ಮೆತ್ತೆ ಕೊಟ್ಟು ಸರಿ ಮಾಡ್ತೀನಿ ಸಾವ್ಕಾರ್ರೆ, ಒಂದ್ ಗಂಟೆ ಕೊಡಿ” ಎಂದೆ. ಅಷ್ಟರಲ್ಲಿ ಮನೆಯ ಹೆಂಗಸರು ಜೀನಿಗೆ ಅರಿಶಿನ ಕುಂಕುಮ ಹಚ್ಚಿ, ಹೂ ಏರಿಸಿ, ಆರತಿ ಎತ್ತಿ ಆಗಿತ್ತು. ಪೂಜೆ ಆದಮೇಲೆ ನಾನು ಮುಟ್ಟಬಾರದಂತೆ. ಎರಡು ತಿಂಗಳು ನನ್ನ ತೊಡೆಯ ಮೇಲೆ ಮಲಗಿದ್ದ ಜೀನು ಐದು ನಿಮಿಷದಲ್ಲಿ ನನಗಿಂತ ದೊಡ್ಡ ಕುಲಕ್ಕೆ ಹೋಗಿತ್ತು.

ಮರುದಿನ ಮೆರವಣಿಗೆ. ವರ ದಷ್ಟಪುಷ್ಟ ಹುಡುಗ, ಮಂಡಿಯಲ್ಲಿ ಕೂತೇ ಬೆಳೆದವನು. ಬ್ಯಾಂಡಿನವರು ಊದಲು ಶುರುಮಾಡಿ ನಾಲ್ಕು ಮನೆ ದಾಟಿರಲಿಲ್ಲ, ಜೀನು ಮೆಲ್ಲಗೆ ಎಡಕ್ಕೆ ಜಾರತೊಡಗಿತು. ವರನೂ ಅದರ ಜೊತೆಗೇ ಜಾರಿದ. ಪೇಟ ಮೊದಲು ಹೋಯಿತು, ಬಾಸಿಂಗ ಒಂದು ಕಿವಿಗೆ ನೇತುಬಿತ್ತು, ಕೊನೆಗೆ ಮದುಮಗ ಕ್ಲಾರಿನೆಟ್ ಊದುತ್ತಿದ್ದವನ ಕೊರಳನ್ನು ತಬ್ಬಿಕೊಂಡು ಇಳಿದ. ಕುದುರೆ ಮಾತ್ರ ಮರ್ಯಾದಸ್ಥ, ಅಲ್ಲಾಡದೆ ನಿಂತಿತು. ಜನ ನಗಲು ಬಾಯಿ ತೆರೆದರು.

ಸಾಹುಕಾರರ ಚುರುಕುಬುದ್ಧಿಯನ್ನು ನಾನು ಆವತ್ತು ಕಂಡೆ. ಅವರು ಎರಡೂ ಕೈಯೆತ್ತಿ ಮುಗಿದು ದೊಡ್ಡ ದನಿಯಲ್ಲಿ ಹೇಳಿದರು:

“ಯಾರೂ ನಗಬ್ಯಾಡಿ! ಇದು ದೇವ್ರ ಕುದುರೆ ಅಳತೇಲಿ ಮಾಡಿಸಿದ್ದು. ಸ್ವಾಮಿ ನಂಗೆ ಬೇಕು ಅಂತ ಕೇಳ್ತಾವ್ನೆ. ನರಮನುಷ್ಯ ಕೂರಂಗಿಲ್ಲ ಅಂತ ತೋರಿಸ್ದ!”

ತೆರೆದ ಬಾಯಿಗಳು ಹಾಗೇ ಮುಚ್ಚಿಕೊಂಡವು, ಕೆಲವರು ಕೆನ್ನೆ ಬಡಿದುಕೊಂಡರು. ನನ್ನ ಪಕ್ಕದಲ್ಲಿದ್ದ ಹೆಂಗಸಿಗೆ ಕಣ್ಣಲ್ಲಿ ನೀರೇ ಬಂತು. ಒಬ್ಬ ಕೆಲಸಗಾರ ಅಳತೆ ತಪ್ಪಿದರೆ ಅದು ಪವಾಡವಾಗುತ್ತದೆ ಎಂದು ಗೊತ್ತಿದ್ದರೆ ನಾನು ತರಬೇತಿಗೆ ಹೋಗುತ್ತಿರಲಿಲ್ಲ.

ಹೀಗೆ ಜೀನು ದೇವರಿಗೆ ಸಂದಿತು. ಆದರೆ ಅಯ್ನೋರಿಗೆ ಒಂದು ಫಜೀತಿ. ಭಕ್ತರು ಸೊಂಟದ ಬೆಲ್ಟು ಬಿಚ್ಚಿ ಒಳಗೆ ಬರಬೇಕೆಂದು ಬಾಗಿಲಲ್ಲಿ ಬೋರ್ಡು ಬರೆಸಿದ್ದವರು ಅವರೇ. ಇಷ್ಟು ದೊಡ್ಡ ತೊಗಲು ಒಳಗೆ ಹೋಗುವುದು ಹೇಗೆ? ಸಾಹುಕಾರರೇ ದಾರಿ ತೋರಿಸಿದರು. ಮೇಲೆ ಕೆಂಪು ಮಖಮಲ್ಲು ಹೊದಿಸಿದರೆ ಅದು ಚರ್ಮವಲ್ಲ, ಆಸನ. ಹೊದಿಸಿದರು, ತೀರ್ಥ ಚಿಮುಕಿಸಿದರು, ಒಳಗೆ ಒಯ್ದರು. ಮರದ ಕುದುರೆಗೆ ಅದು ಬೆರಳಿಗೆ ಉಂಗುರ ಕೂತ ಹಾಗೆ ಕೂತಿತಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ನಾನು ನೋಡಲಿಲ್ಲ.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವನು ಕ್ಲಾರಿನೆಟ್‌ನವನ ಕಥೆಗೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಆಮೇಲೆ ನಾನು ಉಳಿಯ ಮಾತೆತ್ತಿದೆ. ಕುದುರೆಯ ಮೇಲೆ ಕೂತಿದೆಯಲ್ಲ, ಅಯ್ನೋರೇ ಹೇಳಿದರಲ್ಲ ಎಂದೆ.

“ಅಯ್ನೋರು ಹೇಳಿದ್ದ ಕೇಳಿ ಹೊಲ್ದೆ. ಅವ್ರು ಹೇಳಿದ್ದ ಕೇಳಿ ಗುರುತೂ ಹಾಕ್ತೀಯೇನ್ಲಾ? ನಿನ್ ಕಣ್ಣು ಎಲ್ಲಿಟ್ಟಿದ್ದೆ?”

ಮರುದಿನ ಅಂಗಡಿಗೆ ಹೋಗಿ ಮತ್ತೆ ಬ್ಯಾಗು ಹೊಲಿಯಲು ಕೂತೆ.

ಆಮೇಲೆ ಎಂಬತ್ತರ ದಶಕ ಬಂತು. ನಾನು ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಸ್ವಂತದ್ದೊಂದು ಪುಟ್ಟ ಅಂಗಡಿ ಹಾಕಿದೆ. ಬ್ಯಾಗು, ಬೆಲ್ಟು, ಸೂಟ್‌ಕೇಸಿನ ಹಿಡಿ, ಎಷ್ಟೋ ಕೆಲಸ ಮಾಡಿದೆ. ಯಾವುದಕ್ಕೂ ಗುರುತಿಲ್ಲ. ಅಪ್ಪನ ಪ್ರಕಾರ ಮೊದಲನೆಯದೇ ಮುಗಿದಿರಲಿಲ್ಲ, ಎರಡನೆಯದು ಎಲ್ಲಿಂದ ಬರಬೇಕು? ಅಂಗಡಿಗೆ ಬೋರ್ಡು ಬಂತು, ಮದುವೆಯಾಯಿತು, ಮಗಳು ಹುಟ್ಟಿದಳು. ಉಳಿ ಮಾತ್ರ ಮುದುಕನ ಸೊಂಟ ಬಿಡಲಿಲ್ಲ.

ಈ ಮಧ್ಯೆ ವರ್ಷವರ್ಷವೂ ಉತ್ಸವದ ಮುಂಚೆ ದೇವಸ್ಥಾನದಿಂದ ಆಳು ಬರುತ್ತಿದ್ದ. ಜೀನು ಕೆಟ್ಟಿದೆ, ಬಂದು ಸರಿಮಾಡಿಕೊಡಬೇಕು. ನಾನು ಹೋಗುತ್ತಿದ್ದೆ. ಮಖಮಲ್ಲು ತೆಗೆದು ಜೀನನ್ನು ತಂದು ಬೇವಿನ ಕೆಳಗೆ ಇಡುತ್ತಿದ್ದರು. ಮಗ್ಗುಲ ಹಾಳೆಯ ಕೆಳ ಅಂಚಿನಲ್ಲಿ ಎರಡು ಪದರದ ನಡುವೆ ದಾರ ಕೊಳೆತು ತೊಗಲು ಉಬ್ಬಿರುತ್ತಿತ್ತು. ಪ್ರತಿ ಸಲವೂ ಅದೇ ಜಾಗ. ಕಾರಣ ಹುಡುಕಲು ಬಹಳ ಬುದ್ಧಿ ಬೇಕಾಗಿರಲಿಲ್ಲ. ನಾನು ಹೊಲಿದು ಎದ್ದ ಕೂಡಲೇ ಅಯ್ನೋರು ಬಿಂದಿಗೆ ತಂದು ಜೀನಿನ ಮೇಲೆ ನೀರು ಹಾಕುತ್ತಿದ್ದರು, ನನ್ನ ಕೈ ತಾಗಿತ್ತಲ್ಲ. ಆ ನೀರು ಹಾಳೆಯೊಳಗೆ ಇಳಿದು ಅಂಚಿನಲ್ಲಿ ನಿಂತು ಕೊಳೆಸುತ್ತಿತ್ತು. ಕೊಳೆತದ್ದನ್ನು ಸರಿಮಾಡಲು ಮತ್ತೆ ನನ್ನ ಕೈಯೇ ಬೇಕಾಗುತ್ತಿತ್ತು. ಮೈಲಿಗೆ ತೊಳೆಯುವುದಕ್ಕೆ ಹಾಕಿದ ನೀರು ವರ್ಷಕ್ಕೊಮ್ಮೆ ಮೈಲಿಗೆಯನ್ನೇ ಕರೆಸಿಕೊಳ್ಳುತ್ತಿತ್ತು.

“ನೀರು ಹಾಕ್ಬೇಡಿ ಅಯ್ನೋರೆ, ಅದ್ಕೇ ಕೊಳೀತಿರೋದು” ಎಂದು ಒಂದು ಸಲ ಹೇಳಿಯೂ ಹೇಳಿದೆ.

“ನಂಗೊತ್ತಿಲ್ವೇನಪ್ಪ? ಏನ್ ಮಾಡ್ಲಿ, ಸಾವ್ಕಾರ್ರು ನೋಡ್ತಿರ್ತಾರೆ” ಎಂದು ಅವರು ಮೆಲ್ಲಗೆ ಹೇಳಿದರು. ಆಮೇಲೆ ಎಂದಿನಂತೆ ಒಂದು ಬಿಂದಿಗೆ ಸುರಿದರು.

ಏಳನೆಯದೋ ಎಂಟನೆಯದೋ ವರ್ಷ ಉತ್ಸವಮೂರ್ತಿಯೇ ವಾಲಿತು. ಎರಡನೇ ಸುತ್ತಿನಲ್ಲಿ ಹಾಳೆ ಕಿತ್ತುಬಂದು ದೇವರು ಎಡಕ್ಕೆ ಜಾರಿದರಂತೆ, ಸಾಹುಕಾರರ ಮಗ ಜಾರಿದ ಹಾಗೇ. ಅಯ್ನೋರು ಹಿಡಿಯದಿದ್ದರೆ ನೆಲಕ್ಕೇ. ಈ ಸಲ ಆಳು ಬರಲಿಲ್ಲ, ಸಾಹುಕಾರರೇ ಅಂಗಡಿಗೆ ಬಂದರು. ಇನ್ನು ಹೀಗಾಗಬಾರದು, ಏನು ಬೇಕಾದರೂ ಮಾಡು ಎಂದರು.

ಏನು ಬೇಕಾದರೂ! ನಾನು ಏಳೆಂಟು ವರ್ಷದಿಂದ ಕಾದ ಮಾತು ಅದು. “ಹಂಗಾದ್ರೆ ಜೀನು ಕುದುರೆ ಮೇಲೆ ಇದ್ದಂಗೇ ಹೊಲೀಬೇಕು ಸಾವ್ಕಾರ್ರೆ. ತಂದು ಕೆಳಗಿಟ್ರೆ ಆಗಲ್ಲ” ಎಂದೆ. ಅದರಲ್ಲಿ ಅರ್ಧ ಸುಳ್ಳಿತ್ತು. ನೆಲದ ಮೇಲಿಟ್ಟೂ ಹೊಲಿಯಬಹುದಿತ್ತು. ಇನ್ನರ್ಧ ನಿಜ, ಕೂತದ್ದನ್ನು ನೋಡದೆ ಕೆಲಸ ಮುಗಿಯುವುದಿಲ್ಲ. ಸಾಹುಕಾರರು ನನ್ನ ಮುಖವನ್ನೇ ನೋಡಿದರು. ಕೇಳಿದ್ದು ಏನೆಂದು ಅವರಿಗೆ ತಿಳಿಯಿತು. “ಆಯ್ತು, ಶುಕ್ರವಾರ ಬಾ” ಎಂದು ಎದ್ದುಹೋದರು.

ಶುಕ್ರವಾರ ಅಪ್ಪನನ್ನೂ ಕರೆದುಕೊಂಡು ಹೋದೆ. ಅವನಿಗೆ ಆಗ ಕಣ್ಣು ಮಂಜಾಗಿತ್ತು, ಕೋಲು ಹಿಡಿದಿದ್ದ. ನಾನು ಮತ್ತೆ ಇಸ್ತ್ರಿ ಅಂಗಿ ಹಾಕಿದ್ದೆ, ಬೆಲ್ಟು ಬಿಚ್ಚಿ ಮನೆಯಲ್ಲೇ ಇಟ್ಟಿದ್ದೆ. ಮನುಷ್ಯನಿಗೆ ಬುದ್ಧಿ ಬರಲು ಏಳೆಂಟು ವರ್ಷ ಸಾಲದು.

ಅಲ್ಲಿ ಹೋಗಿ ನೋಡಿದರೆ ಕುದುರೆಯನ್ನು ಹೊರಗೆ ತರುತ್ತಿದ್ದರು. ಆರು ಜನ ಆಳುಗಳು ಅದರ ಹೊಟ್ಟೆಯಡಿ ಭುಜ ಕೊಟ್ಟು ಎತ್ತಿದ್ದರು. ಹಿಂದಿನ ವರ್ಷವಷ್ಟೇ ಬಾಗಿಲಿಗೆ ಕಬ್ಬಿಣದ ಗೇಟು ಕೂರಿಸಿದ್ದರು, ಕುದುರೆ ಅದರಲ್ಲಿ ಹಿಡಿಯಲಿಲ್ಲ. ಮುಂಗಾಲು ಆಚೆ ಬಂತು, ಹೊಟ್ಟೆ ಸಿಕ್ಕಿಕೊಂಡಿತು. ಒಬ್ಬ ಎಡಕ್ಕೆ ತಿರುಗಿಸಿ ಎಂದ, ಇನ್ನೊಬ್ಬ ಬಲಕ್ಕೆ ಎಂದ. ಸಾಹುಕಾರರು ಬೆವರೊರೆಸಿಕೊಂಡು ಗೇಟು ಕೀಳಿ ಎಂದರು. ಗುಬ್ಬಿಯಿಂದ ವೆಲ್ಡಿಂಗಿನವನನ್ನು ಕರೆಸಿದರು. ಅವನು ಗೇಟಿನ ತಿರುಗಣಿ ಕತ್ತರಿಸಿ, ಗೇಟನ್ನು ಗೋಡೆಗೆ ಒರಗಿಸಿಟ್ಟ. ಆಮೇಲೆ ಕುದುರೆ ಹೊರಗೆ ಬಂತು. ಎಲ್ಲ ಸೇರಿ ಮಧ್ಯಾಹ್ನವಾಯಿತು. ನಾನು ಒಳಗೆ ಹೋಗಬೇಕಾಗಿದ್ದರೆ ಹನ್ನೆರಡು ಹೆಜ್ಜೆ. ಬೇವಿನ ಕೆಳಗೆ ಕೂತು ಎಣಿಸಿದ್ದೆ.

ನನಗೆ ಅಳು ಬಂತು, ನಗುವೂ ಬಂತು. ಅಪ್ಪ ಮಾತ್ರ ನಗುತ್ತಲೇ ಇದ್ದ. “ನಿನ್ ಒಬ್ಬನ್ನ ಒಳಗ್ ಬುಡಾಕಾಗ್ದೆ ಅಷ್ಟ್ ದೊಡ್ ಕುದುರೇನೇ ಹೊತ್ಕಂಡ್ ಬಂದವ್ರಲ್ಲೋ! ಇದಕ್ಕಿಂತ ಮರ್ಯಾದೆ ಬೇಕೇನ್ಲಾ ನಿಂಗೆ?”

ಹತ್ತಿರ ಹೋಗಿ ನೋಡಿದೆ. ಆ ಕುದುರೆಯನ್ನು ಕೆತ್ತಿದವನು ಕುದುರೆಯನ್ನು ಕಂಡವನಲ್ಲ. ಮನುಷ್ಯರ ಕಣ್ಣು, ಮನುಷ್ಯರ ಹಲ್ಲು, ಹೆಗಲೇ ಇಲ್ಲ. ನನ್ನಂತೆಯೇ ಅವನಿಗೂ ಯಾರೋ ಅಳತೆ ಕೂಗಿ ಹೇಳಿರಬೇಕು. ಅದರ ಬೆನ್ನ ಮೇಲೆ ಮಖಮಲ್ಲು ತೆಗೆದ ನನ್ನ ಜೀನು ಕೂತಿತ್ತು. ಒಂದು ಬೆರಳು ತೂರದ ಹಾಗೆ, ಹುಟ್ಟುವಾಗಲೇ ಇದ್ದದ್ದೇನೋ ಎಂಬ ಹಾಗೆ ಕೂತಿತ್ತು. ಹಾಳೆಯ ಅಂಚನ್ನು ಬಿಚ್ಚಿ, ಕೊಳೆತದ್ದನ್ನು ತೆಗೆದು, ಹೊಸ ತೊಗಲು ಕೊಟ್ಟು ಹೊಲಿದೆ. ಒಂದು ಹೊಲಿಗೆಯೂ ಓರೆಯಾಗಲಿಲ್ಲ. ಅಪ್ಪ ಒಂದು ಸಲವೂ ಕೆಮ್ಮಲಿಲ್ಲ.

ಕೆಲಸ ಮುಗಿದ ಮೇಲೆ ಅಪ್ಪ ಕೋಲನ್ನು ನನಗೆ ಕೊಟ್ಟು, ಮಂಜುಗಣ್ಣಿನವನು, ಎರಡೂ ಕೈಯಲ್ಲಿ ಜೀನನ್ನು ತಡವಿದ. ಮುಂದೆ, ಹಿಂದೆ, ಹಾಳೆಯ ಅಡಿ, ಪಟ್ಟಿಯ ಅಡಿ. ಕುದುರೆಯ ಕುತ್ತಿಗೆಯನ್ನೂ ಸವರಿದ. ಸಾಹುಕಾರರು ಬೇರೆ ಕಡೆ ನೋಡಿದರು.

“ಕೂತದೆ ಕಣ್ಲಾ” ಎಂದ. ಸೊಂಟದಿಂದ ಉಳಿ ತೆಗೆದು ನನ್ನ ಕೈಗಿಟ್ಟ. ಅದು ಅವನ ಮೈಯ ಶಾಖಕ್ಕೆ ಬೆಚ್ಚಗಿತ್ತು. ನಾನು ಎಲ್ಲರ ಎದುರಿಗೇ, ಹಾಳೆಯ ಕೆಳ ಅಂಚಿನ ಮೂಲೆಯಲ್ಲಿ ಎರಡೂ ಪದರ ಹಾದುಹೋಗುವಂತೆ ಮೂರು ತೂತು ಹೊಡೆದೆ. ಇನ್ನೊಂದು ಮಗ್ಗುಲಿಗೂ ಹೊಡೆಯೆಂದ ಅಪ್ಪ, ಹೊಡೆದೆ. ಅದೇನೆಂದು ಸಾಹುಕಾರರು ಕೇಳಿದರು. “ಜೀನು ಬಾಳಿಕೆ ಬರ್ಲಿ ಅಂತ, ಬುದ್ಧಿ” ಎಂದ ಅಪ್ಪ.

ಆಮೇಲೆ ನಾವು ಹಿಂದೆ ಸರಿದು ನಿಂತೆವು. ಅಯ್ನೋರು ಬಿಂದಿಗೆ ತಂದರು. ಈ ಸಲ ಕುದುರೆಗೂ ಸ್ನಾನವಾಗಬೇಕಿತ್ತು, ಎಂಟು ಬಿಂದಿಗೆ ಸುರಿದರು. ನೀರು ಜೀನಿನ ಮೇಲೆ ಹರಿದು ಹಾಳೆಯೊಳಗೆ ಇಳಿಯಿತು. ಅಂಚಿನಲ್ಲಿ ನಿಲ್ಲಲಿಲ್ಲ. ನಮ್ಮ ಮೂರು ತೂತಿನಿಂದ ತೊಟ್ಟಿಕ್ಕಿ ಹೊರಗೆ ಬಿತ್ತು. ನಾನು ಅಪ್ಪನ ಮುಖ ನೋಡಿದೆ. ಅವನಿಗೆ ಅದು ಕಾಣುತ್ತಿರಲಿಲ್ಲ, ಸದ್ದು ಕೇಳುತ್ತಿತ್ತು.

“ಇನ್ ಕೊಳೆಯಲ್ಲ ಬುಡು” ಎಂದ.

ನಿಜ, ಆಮೇಲೆ ಕೊಳೆಯಲಿಲ್ಲ. ಮರುವರ್ಷ ಆಳು ಬರಲಿಲ್ಲ, ಅದರ ಮುಂದಿನ ವರ್ಷವೂ ಬರಲಿಲ್ಲ. ಅವರಿಗೆ ಇನ್ನು ನನ್ನ ಕೈ ಬೇಕಾಗಿರಲಿಲ್ಲ. ಜೀನನ್ನು ಮತ್ತೆ ನಾನು ನೋಡಿಲ್ಲ. ಆವತ್ತು ಆಳುಗಳು ಕುದುರೆಯನ್ನು ಒಳಗೆ ಹೊತ್ತೊಯ್ದ ಮೇಲೆ, ವೆಲ್ಡಿಂಗಿನವನು ಗೇಟನ್ನು ಮತ್ತೆ ಕೂರಿಸುವಾಗ ನಾವಿಬ್ಬರೂ ಬಸ್ಸಿಗೆ ಹೊರಟಿದ್ದೆವು. ಉಳಿ ನನ್ನ ಸೊಂಟದಲ್ಲಿತ್ತು. ನಡೆಯುವಾಗ ಅದು ಚುಚ್ಚುತ್ತದೆ ಎಂದು ಅಪ್ಪ ನನಗೆ ಯಾವತ್ತೂ ಹೇಳಿರಲಿಲ್ಲ.